ತಳಪಾಯದ ಸೆಂಟ್ರಿಂಗ್ ಮತ್ತು ಶಾಖನಿರೋಧಕ: ನಾಲ್ಕು ತಾಲ್ಲೂಕುಗಳ ವರ್ತಕರು ಗಮನಿಸಬೇಕಾದ ಲೆಕ್ಕ

ಗೋದಾಮು, ಎಣ್ಣೆ ಗಿರಣಿ ಅಥವಾ ಶೀತಲಗೃಹ ಕಟ್ಟಿಸಲು ಹೊರಟ ವರ್ತಕರು ಮೊದಲು ವಿಚಾರಿಸುವುದು ಸಿಮೆಂಟಿನ ದರವನ್ನು, ಆಮೇಲೆ ಕಬ್ಬಿಣದ ದರವನ್ನು, ಕೊನೆಗೆ ಮೇಸ್ತ್ರಿಯ ಕೂಲಿಯನ್ನು. ಕಾಂಕ್ರೀಟನ್ನು ಯಾವ ಅಚ್ಚಿನಲ್ಲಿ ಸುರಿಯಲಾಗುವುದು, ಆ ಅಚ್ಚು ಯಾರದು, ಅದಕ್ಕೆ ತಗಲುವ ವೆಚ್ಚವೆಷ್ಟು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. 'ಸೆಂಟ್ರಿಂಗ್ ಸೇರಿ ಚದರಕ್ಕೆ ಇಷ್ಟು' ಎಂಬ ಒಂದೇ ಮಾತಿನಲ್ಲಿ ಆ ವಿಷಯ ಮುಗಿದುಹೋಗುತ್ತದೆ. ಕಾಂಕ್ರೀಟು ಕೆಲಸದ ವೆಚ್ಚದಲ್ಲಿ ಗಣನೀಯ ಪಾಲು ಈ ಅಚ್ಚಿನದೇ ಆಗಿದ್ದರೂ, ಕಟ್ಟಡ ಮುಗಿದ ಮೇಲೆ ಅದು ಕಣ್ಣಿಗೆ ಕಾಣದ ವಸ್ತುವಾದ್ದರಿಂದ ಲೆಕ್ಕಪುಸ್ತಕದಲ್ಲಿಯೂ ಕಾಣದಂತಾಗಿರುವುದು ವಿಷಾದನೀಯ.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಈ ವಿಷಯಕ್ಕೆ ಈಗ ಹೆಚ್ಚಿನ ಮಹತ್ವ ಬಂದಿದೆ. ಒಂದು ತಲೆಮಾರಿನ ಹಿಂದಿನವರೆಗೂ ಇಲ್ಲಿ ತಳಪಾಯವೆಂದರೆ ಸೈಜುಗಲ್ಲಿನ ಕಟ್ಟಡವೇ ಆಗಿತ್ತು. ಕಲ್ಲಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇತ್ತೀಚೆಗೆ ಕಂಬ, ಫುಟಿಂಗ್, ಪ್ಲಿಂತ್ ಬೀಮುಗಳ ಕಟ್ಟಡಗಳು ಹೆಚ್ಚಿವೆ. ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ಸುಮಾರು 13,000 ಎಕರೆಯಲ್ಲಿ 2018ರಿಂದ ಹಂತಹಂತವಾಗಿ ಆರಂಭವಾಗಿ, 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯ ತಲುಪಿದ ಸೌರ ಉದ್ಯಾನ, ರಾಷ್ಟ್ರೀಯ ಹೆದ್ದಾರಿ 48ರ ಉದ್ದಕ್ಕೂ ಶಿರಾ ಭಾಗದಲ್ಲಿ ಎದ್ದಿರುವ ಗೋದಾಮುಗಳು, ಕೊರಟಗೆರೆಗೆ ಸಮೀಪದ ವಸಂತನರಸಾಪುರ ಕೈಗಾರಿಕಾ ಪ್ರದೇಶ, ತುಮಕೂರು–ರಾಯದುರ್ಗ ರೈಲು ಮಾರ್ಗದ ಕಾಮಗಾರಿ, ಇವೆಲ್ಲ ಕಾಂಕ್ರೀಟಿನ ಕೆಲಸಗಾರರನ್ನೂ ಸಾಮಗ್ರಿಯನ್ನೂ ಈ ಸೀಮೆಗೆ ತಂದಿವೆ. ದೊಡ್ಡ ಗುತ್ತಿಗೆದಾರರು ಅಚ್ಚಿನ ಲೆಕ್ಕವನ್ನು ಪೈಸೆಯವರೆಗೆ ಇಡುತ್ತಾರೆ. ಅವರನ್ನು ನೋಡಿ ಕಾಂಕ್ರೀಟು ಕಲಿತ ಸಣ್ಣ ಉದ್ಯಮಿಗಳು ಈ ಲೆಕ್ಕವನ್ನು ಮಾತ್ರ ಕಲಿಯಲಿಲ್ಲ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಗಟ್ಟಿ ಕೆಂಪು ಮಣ್ಣು ಅಥವಾ ಶಿಥಿಲ ಶಿಲೆ ಮೂರು ನಾಲ್ಕು ಅಡಿಯಲ್ಲೇ ಸಿಗುವ ಕಡೆ, ಒಂದಂತಸ್ತಿನ ಸಾಮಾನ್ಯ ಗೋದಾಮಿಗೆ ಸೈಜುಗಲ್ಲಿನ ತಳಪಾಯವೂ ಮೇಲೊಂದು ಕಾಂಕ್ರೀಟು ಪಟ್ಟಿಯೂ ಇಂದಿಗೂ ಯೋಗ್ಯವಾದ ಆಯ್ಕೆಯೇ. ಅದಕ್ಕೆ ಪಾಯದಲ್ಲಿ ಅಚ್ಚೇ ಬೇಡ. ತೋಡಿದ ಕಂದಕವೇ ಅಚ್ಚು. ನೆರೆಯವರು ಕಂಬ ಎಬ್ಬಿಸಿದರೆಂದು ತಾವೂ ಎಬ್ಬಿಸುವುದು ಪ್ರತಿಷ್ಠೆಯ ಖರ್ಚು, ವ್ಯಾಪಾರದ ಖರ್ಚಲ್ಲ. ಎರೆಮಣ್ಣು ಸಿಕ್ಕಿದರೆ, ಮೇಲೆ ಅಂತಸ್ತುಗಳು ಬರುವುದಿದ್ದರೆ ಅಥವಾ ಅಗಲವಾದ ಶೆಡ್ಡಿನ ಭಾರ ಕೆಲವೇ ಕಂಬಗಳ ಮೇಲೆ ಬೀಳುವುದಿದ್ದರೆ ಮಾತು ಬೇರೆ. ಅದನ್ನು ಎಂಜಿನಿಯರು ಮಣ್ಣು ನೋಡಿ ಹೇಳಬೇಕು. ಮೇಸ್ತ್ರಿ ಪಕ್ಕದ ಕಟ್ಟಡ ನೋಡಿ ಹೇಳುವ ವಿಷಯವಲ್ಲ.

ಎಷ್ಟು ಬಾರಿ ಬಳಕೆ?

ಅಚ್ಚಿನ ಸಾಮಗ್ರಿಯ ಆಯ್ಕೆಯಲ್ಲಿ ಬೆಲೆಗಿಂತ ಮುಖ್ಯವಾದುದು ಅದನ್ನು ಎಷ್ಟು ಬಾರಿ ಬಳಸಲಾಗುವುದು ಎಂಬ ಸಂಖ್ಯೆ. ಕಾಡುಮರದ ಹಲಗೆ ನಾಲ್ಕೈದು ಬಾರಿಗೆ ಸೀಳಿ, ಬಾಗಿ, ಮೊಳೆಯ ತೂತುಗಳಿಂದ ಜರಡಿಯಾಗುತ್ತದೆ. ಸಾಮಾನ್ಯ ಶಟರಿಂಗ್ ಪ್ಲೈವುಡ್ ಆರೆಂಟು ಬಾರಿ ಬರುತ್ತದೆ. ಎರಡೂ ಮೈಗೆ ಕಪ್ಪು ಅಥವಾ ಕಂದು ಪದರ ಹಾಕಿದ ಫಿಲ್ಮ್ ಫೇಸ್ ಪ್ಲೈವುಡ್ಡನ್ನು ಅಂಚುಗಳಿಗೆ ಬಣ್ಣ ಬಳಿದು ಜೋಪಾನ ಮಾಡಿದರೆ ಹದಿನೈದು ಇಪ್ಪತ್ತು ಬಾರಿ ಬಳಸಬಹುದು. ಕಬ್ಬಿಣದ ಸೆಂಟ್ರಿಂಗ್ ಶೀಟು ಸುತ್ತಿಗೆ ಏಟಿಗೆ ಸಿಕ್ಕಿ ಸೊಟ್ಟಗಾಗದಿದ್ದರೆ ಐವತ್ತು ಬಾರಿಗೂ ಮೀರಿ ಬಾಳುತ್ತದೆ, ಕೊನೆಗೆ ಗುಜರಿಗೂ ಬೆಲೆ ಬರುತ್ತದೆ. ಇಲ್ಲಿ ಹೇಳಿದ ಸಂಖ್ಯೆಗಳು ಜೋಪಾನ ಮಾಡುವವನ ಕೈಯಲ್ಲಿ ಮಾತ್ರ ನಿಜವಾಗುವಂಥವು.

ಒಂದು ಉದಾಹರಣೆಯಿಂದ ಈ ಲೆಕ್ಕ ಸ್ಪಷ್ಟವಾದೀತು. ಇದರಲ್ಲಿನ ದರಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಓದುಗರು ತಮ್ಮೂರಿನ ದರವನ್ನು ಅಲ್ಲಿ ಇಟ್ಟುಕೊಳ್ಳಬೇಕು. ಒಂದು ಗೋದಾಮಿಗೆ 24 ಫುಟಿಂಗುಗಳು, ಪ್ರತಿಯೊಂದೂ 5 ಅಡಿ ಉದ್ದ, 5 ಅಡಿ ಅಗಲ, ಒಂದೂವರೆ ಅಡಿ ದಪ್ಪ ಎಂದಿರಲಿ. ಒಂದು ಫುಟಿಂಗಿನ ಸುತ್ತಳತೆ 20 ಅಡಿ. ಅಚ್ಚಿನ ವಿಸ್ತೀರ್ಣ 30 ಚದರಡಿ. ಇಪ್ಪತ್ತನಾಲ್ಕಕ್ಕೂ ಸೇರಿ 720 ಚದರಡಿ. ಎಂಟು ಅಡಿಗೆ ನಾಲ್ಕು ಅಡಿಯ ಫಿಲ್ಮ್ ಫೇಸ್ ಪ್ಲೈವುಡ್ ಹಾಳೆಗೆ 2,400 ರೂಪಾಯಿ ಎಂದು ಹಿಡಿದರೆ ಚದರಡಿಗೆ 75 ರೂಪಾಯಿ. ಎಲ್ಲ ಫುಟಿಂಗಿಗೂ ಒಮ್ಮೆಗೇ ಅಚ್ಚು ಹಾಕುತ್ತೇನೆಂದು ಹೊರಟವನು 54,000 ರೂಪಾಯಿಯ ಪ್ಲೈವುಡ್ ಕೊಳ್ಳಬೇಕು. ಆರು ಜೊತೆ ಅಚ್ಚು ಮಾಡಿಸಿ ನಾಲ್ಕು ಸಲ ತಿರುಗಿಸುವವನಿಗೆ 180 ಚದರಡಿ ಸಾಕು. ವೆಚ್ಚ 13,500 ರೂಪಾಯಿ. ಐ.ಎಸ್. 456ರ ಪ್ರಕಾರ ನಿಲುವು ಮೈಯ ಅಚ್ಚನ್ನು 16ರಿಂದ 24 ಗಂಟೆಗಳ ನಂತರ ತೆಗೆಯಬಹುದಾದ್ದರಿಂದ, ನಾಲ್ಕು ಸುತ್ತು ಎಂಟು ಹತ್ತು ದಿನಗಳಲ್ಲಿ ಮುಗಿಯುತ್ತದೆ. ಆ ಕೆಲವು ದಿನಗಳ ತಾಳ್ಮೆಗೆ ಸಿಗುವ ಪ್ರತಿಫಲ ನಲವತ್ತು ಸಾವಿರ ರೂಪಾಯಿ.

ಇನ್ನು ಬಾಡಿಗೆ. ಕಬ್ಬಿಣದ ಶೀಟಿಗೆ ಒಂದು ಬಳಕೆಗೆ ಚದರಡಿಗೆ 10 ರೂಪಾಯಿ ಬಾಡಿಗೆ ಎಂದಾದರೆ ಇಡೀ ಕೆಲಸಕ್ಕೆ 7,200 ರೂಪಾಯಿ. ಆರು ಜೊತೆಯ ಪ್ಲೈವುಡ್ ನಾಲ್ಕು ಬಳಕೆಗೆ ಚದರಡಿಗೆ 18 ರೂಪಾಯಿ 75 ಪೈಸೆ ಬೀಳುತ್ತದೆ. ಅಂದರೆ ಫುಟಿಂಗಿಗೆ ಮಾತ್ರವಾದರೆ ಬಾಡಿಗೆಯೇ ಲೇಸು. ಅದೇ ಹಾಳೆಯನ್ನು ಮುಂದೆ ಕಂಬಕ್ಕೂ ಪ್ಲಿಂತ್ ಬೀಮಿಗೂ ಬಳಸುವ ಯೋಜನೆ ಮೊದಲೇ ಇದ್ದು, ಒಟ್ಟು ಬಳಕೆ ಎಂಟು ಮುಟ್ಟಿದರೆ ಸ್ವಂತದ್ದು ಅಗ್ಗವಾಗತೊಡಗುತ್ತದೆ. ಬಾಡಿಗೆ ದಿನದ ಲೆಕ್ಕದಲ್ಲಿದ್ದರೆ ಮಳೆ ಬಂದು ಕೆಲಸ ನಿಂತ ದಿನವೂ ಮೀಟರು ಓಡುತ್ತದೆಂಬುದನ್ನು ಮರೆಯಬಾರದು. ಬಳಕೆಯ ಲೆಕ್ಕದಲ್ಲಿ ಕರಾರು ಮಾಡಿಕೊಳ್ಳುವುದು ಸಣ್ಣ ಕಟ್ಟಡದವರಿಗೆ ಕ್ಷೇಮಕರ.

ಪಾಯದ ಕೆಲಸಕ್ಕೆ ಅಚ್ಚಿನ ಮೈ ನುಣುಪಾಗಿರಬೇಕೆಂಬ ಹಠವೂ ಅನಾವಶ್ಯಕ. ಮಣ್ಣಿನಲ್ಲಿ ಮುಚ್ಚಿಹೋಗುವ ಫುಟಿಂಗಿನ ಪಕ್ಕ ಕನ್ನಡಿಯಂತಿದ್ದು ಪ್ರಯೋಜನವಿಲ್ಲ. ಅಲ್ಲಿ ಬೇಕಾದುದು ಅಳತೆ ತಪ್ಪದಿರುವುದು ಮತ್ತು ಸಿಮೆಂಟಿನ ಹಾಲು ಸೋರದಿರುವುದು. ಕೀಲುಗಳಲ್ಲಿ ಹಾಲು ಸೋರಿದರೆ ಜಲ್ಲಿ ಮಾತ್ರ ಉಳಿದು ಜೇನುಗೂಡಿನಂಥ ರಂಧ್ರಗಳಾಗುತ್ತವೆ. ಆ ರಂಧ್ರಗಳಿಂದ ತೇವ ಒಳಹೊಕ್ಕು ಕಂಬಿಗೆ ತುಕ್ಕು ಹಿಡಿಯುತ್ತದೆ. ಫುಟಿಂಗಿನಲ್ಲಿ ಕಂಬಿಯ ಹೊರಗೆ ಕನಿಷ್ಠ 50 ಮಿಲಿಮೀಟರ್ ಕಾಂಕ್ರೀಟು ಇರಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಅಚ್ಚೇ ಇಲ್ಲದೆ ಕುಸಿಯುತ್ತಿರುವ ಮಣ್ಣಿನ ಗೋಡೆಗೆ ಕಾಂಕ್ರೀಟು ಸುರಿದಾಗ ಈ ಅಳತೆ ಉಳಿಯುವುದಿಲ್ಲ. ಬಂಡೆಯಂಥ ನೆಲದಲ್ಲಿ ನೇರವಾಗಿ ತೋಡಿದ ಗುಣಿಗೆ ಸುರಿಯುವುದು ಬೇರೆ, ಸಡಿಲ ಮಣ್ಣಿನಲ್ಲಿ ಹಾಗೆ ಮಾಡುವುದು ಬೇರೆ. ಮಧ್ಯಮ ಮಾರ್ಗವಾಗಿ ನಾಲ್ಕೂವರೆ ಇಂಚಿನ ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕಿನ ಗೋಡೆ ಕಟ್ಟಿ ಅದನ್ನೇ ಅಚ್ಚಾಗಿ ಒಳಗೇ ಬಿಟ್ಟುಬಿಡುವ ಪದ್ಧತಿಯುಂಟು. ಅಚ್ಚು ಬಿಚ್ಚಲು ಕೈಯಾಡದ ಇಕ್ಕಟ್ಟಿನ ಜಾಗದಲ್ಲಿ, ಪಕ್ಕದವರ ಗೋಡೆಗೆ ಅಂಟಿದ ನಿವೇಶನದಲ್ಲಿ ಇದು ನಿಜವಾಗಿಯೂ ಮಿತವ್ಯಯದ ಮಾರ್ಗ. ಮಧುಗಿರಿ, ಶಿರಾ ಪಟ್ಟಣಗಳ ಹಳೆಯ ಪೇಟೆ ಬೀದಿಗಳಲ್ಲಿ ಅಂಗಡಿ ಕಟ್ಟಿಸುವವರು ಇದನ್ನು ಪರಿಗಣಿಸಬಹುದು.

ಒಂದು ಕಡೆ ಮಾತ್ರ ಜಿಪುಣತನ ಸಲ್ಲದು. ಲಾರಿ ನಿಲ್ಲಿಸಿ ಮೂಟೆ ಇಳಿಸುವ ನಾಲ್ಕು ಅಡಿ ಎತ್ತರದ ಕಟ್ಟೆಯ ಗೋಡೆ ಅದು. ಹಸಿ ಕಾಂಕ್ರೀಟು ನೀರಿನಂತೆಯೇ ಪಕ್ಕಕ್ಕೆ ಒತ್ತುತ್ತದೆ, ಆದರೆ ಅದರ ತೂಕ ನೀರಿನ ಸುಮಾರು ಎರಡೂವರೆ ಪಟ್ಟು. ನಾಲ್ಕು ಅಡಿ ಎತ್ತರಕ್ಕೆ ಒಮ್ಮೆಲೇ ಸುರಿದರೆ ಅಚ್ಚಿನ ಬುಡದಲ್ಲಿ ಚದರ ಮೀಟರಿಗೆ ಸುಮಾರು ಮೂರು ಟನ್ ಒತ್ತಡ ಬೀಳಬಹುದು. ಇದನ್ನು ನೀಲಗಿರಿ ಗಳ ಮತ್ತು ಕಟ್ಟುತಂತಿಯ ಭರವಸೆಯ ಮೇಲೆ ಬಿಡುವುದು ಕೆಲಸಗಾರರ ಪ್ರಾಣದೊಂದಿಗೆ ಆಡುವ ಆಟ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿದ ಮೇಲೆ ಗಳಗಳನ್ನು ಬಿಟ್ಟು ಕಬ್ಬಿಣದ ಜಾಕಿ, ಪೈಪುಗಳತ್ತ ಹೊರಳಲು ಇನ್ನೊಂದು ಕಾರಣವೂ ಸೇರಿಕೊಂಡಿದೆ.

ಅಚ್ಚಿಗೆ ಬಳಿಯುವ ಎಣ್ಣೆಯ ವಿಷಯವೂ ಚಿಕ್ಕದೇನಲ್ಲ. ಗ್ಯಾರೇಜಿನಿಂದ ತಂದ ವೇಸ್ಟ್ ಆಯಿಲ್ ಬಳಿಯುವುದು ರೂಢಿ. ಅದು ಕಂಬಿಯ ಮೇಲೆ ಬಿದ್ದರೆ ಕಾಂಕ್ರೀಟಿಗೂ ಕಂಬಿಗೂ ಹಿಡಿತ ಕಡಿಮೆಯಾಗುತ್ತದೆ. ಕಂಬಿ ಕಟ್ಟುವ ಮೊದಲೇ ಅಚ್ಚಿಗೆ ತೆಳುವಾಗಿ ಎಣ್ಣೆ ಬಳಿದು ಒರೆಸುವ ಕ್ರಮವನ್ನು ಮಾಲೀಕರು ಖುದ್ದಾಗಿ ನೋಡಿಕೊಳ್ಳಬೇಕು. ಇದಕ್ಕೆ ಖರ್ಚಿಲ್ಲ.

ಬೇಡವಾದ ಶಾಖನಿರೋಧಕ, ಬೇಕಾದ ಶಾಖನಿರೋಧಕ

ತಳಪಾಯಕ್ಕೆ ಥರ್ಮೋಕೋಲ್ ಹೊದಿಸಬೇಕೆಂಬ ಸಲಹೆ ಇತ್ತೀಚೆಗೆ ಕೆಲವು ಮಾರಾಟಗಾರರಿಂದಲೂ ವಿದೇಶಿ ಮಾಹಿತಿಯನ್ನು ಓದಿದ ಉತ್ಸಾಹಿಗಳಿಂದಲೂ ಕೇಳಿಬರುತ್ತಿದೆ. ಅಚ್ಚೇ ಥರ್ಮೋಕೋಲಿನದಾಗಿದ್ದು, ಕಾಂಕ್ರೀಟು ಗಟ್ಟಿಯಾದ ಮೇಲೆ ಒಳಗೇ ಉಳಿಯುವ ಬ್ಲಾಕುಗಳೂ ಅಮೆರಿಕ, ಯೂರೋಪುಗಳಲ್ಲಿ ಬಳಕೆಯಲ್ಲಿವೆ. ಆ ದೇಶಗಳಲ್ಲಿ ಅದಕ್ಕೆ ಸಕಾರಣವಿದೆ. ಚಳಿಗಾಲದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ ತಳಪಾಯವನ್ನೇ ಮೇಲಕ್ಕೆತ್ತುತ್ತದೆ. ಮನೆಯೊಳಗಿನ ಬಿಸಿ ನೆಲದ ಮೂಲಕ ಸೋರಿಹೋಗುತ್ತದೆ. ಸ್ವೀಡನ್ನಿನ ರೈತನಿಗೆ ಇದು ಅಗತ್ಯ. ಪಾವಗಡದ ಕಡಲೆಕಾಯಿ ವರ್ತಕನಿಗೆ ಇದರಿಂದ ಆಗುವುದೇನು?

ಈ ಸೀಮೆಯಲ್ಲಿ ಕೆಲವು ಅಡಿ ಆಳದ ಮಣ್ಣಿನ ಉಷ್ಣತೆ ವರ್ಷವಿಡೀ ಹೆಚ್ಚುಕಡಿಮೆ ಇಪ್ಪತ್ತೈದು ಇಪ್ಪತ್ತಾರು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಹೊರಗಿನ ಗಾಳಿ ನಲವತ್ತರ ಹತ್ತಿರ ಕುದಿಯುವಾಗ ಗೋದಾಮಿನ ಒಳಗಿನ ತಂಪಿನ ಏಕೈಕ ಮೂಲ ಆ ನೆಲವೇ. ಸಾಮಾನ್ಯ ಗೋದಾಮಿನ ತಳಕ್ಕೆ ಶಾಖನಿರೋಧಕ ಹಾಕುವುದೆಂದರೆ ದುಡ್ಡು ಕೊಟ್ಟು ಆ ತಂಪನ್ನು ಹೊರಗಟ್ಟಿದಂತೆ. ಬಿಸಿ ಬರುತ್ತಿರುವುದು ಮೇಲಿನ ಶೀಟಿನಿಂದ. ಅದೇ ಹಣವನ್ನು ಛಾವಣಿಯ ಅಡಿಗೆ ಅಥವಾ ಗಾಳಿ ಹೊರಹೋಗುವ ಕಿಂಡಿಗಳಿಗೆ ವ್ಯಯಿಸಿದರೆ ಅರ್ಥವಿದೆ. ಜೊತೆಗೆ ಕೆಂಪು ಮಣ್ಣಿನ ಗೆದ್ದಲಿಗೆ ಥರ್ಮೋಕೋಲ್ ಆಹಾರವಲ್ಲದಿದ್ದರೂ ಕೊರೆದು ಸಾಗಲು ಒಳ್ಳೆಯ ದಾರಿ.

ಹಾಗಾದರೆ ತಳಪಾಯದಲ್ಲಿ ಶಾಖನಿರೋಧಕ ಬೇಕೇ ಬೇಕಾದ ಕಟ್ಟಡ ಯಾವುದು? ಶೀತಲಗೃಹ. ಈ ನಾಲ್ಕು ತಾಲ್ಲೂಕುಗಳೂ ಗಡಿಯಾಚೆಯ ಹಿಂದೂಪುರವೂ ಹುಣಿಸೆಹಣ್ಣಿನ ವ್ಯಾಪಾರಕ್ಕೆ ಹೆಸರಾದವು. ವರ್ಷದ ಮೊದಲ ತಿಂಗಳುಗಳಲ್ಲಿ ಬರುವ ಹೊಸ ಹಣ್ಣನ್ನು ಬಯಲಿನ ಶಾಖದಲ್ಲಿಟ್ಟರೆ ಬಣ್ಣ ಕಪ್ಪಾಗಿ ಬೆಲೆ ಇಳಿಯುತ್ತದೆ. ತಂಪಿನಲ್ಲಿಟ್ಟರೆ ಬಣ್ಣ ಉಳಿಯುತ್ತದೆ, ಬೆಲೆಗಾಗಿ ಕಾಯಲು ಬರುತ್ತದೆ. ಒಳಗೆ 4 ಡಿಗ್ರಿ, ಕೆಳಗಿನ ಮಣ್ಣು 26 ಡಿಗ್ರಿ ಎಂದರೆ 22 ಡಿಗ್ರಿಯ ಅಂತರ ಹಗಲಿರುಳೂ ನೆಲದ ಮೂಲಕ ಶಾಖವನ್ನು ಒಳಕ್ಕೆ ತಳ್ಳುತ್ತಿರುತ್ತದೆ. ಗೋಡೆಗೂ ಛಾವಣಿಗೂ ದಪ್ಪ ಪಫ್ ಪ್ಯಾನೆಲ್ ಹಾಕಿಸಿ, ನೆಲಕ್ಕೆ ಮಾತ್ರ 'ಕಾಂಕ್ರೀಟು ಇದೆಯಲ್ಲ' ಎಂದು ಬಿಟ್ಟವರ ವಿದ್ಯುತ್ ಬಿಲ್ಲು ಪ್ರತಿ ತಿಂಗಳೂ ಅದನ್ನು ನೆನಪಿಸುತ್ತದೆ.

ಲೆಕ್ಕ ಹೀಗಿದೆ. ಒಂದು ಸಾವಿರ ಚದರ ಮೀಟರ್ ನೆಲ, ಅದರಡಿಯಲ್ಲಿ 50 ಮಿಲಿಮೀಟರ್ ಥರ್ಮೋಕೋಲ್ ಎಂದಿರಲಿ. ಮಣ್ಣಿನ ಮತ್ತು ಕಾಂಕ್ರೀಟಿನ ಸ್ವಂತ ತಡೆಯನ್ನು ಬದಿಗಿಟ್ಟರೆ ಸುಮಾರು 16 ಕಿಲೋವಾಟ್ ಶಾಖ ಒಳಬರುತ್ತದೆ. 100 ಮಿಲಿಮೀಟರ್ ಹಾಕಿದರೆ ಅದು 8ಕ್ಕೆ ಇಳಿಯುತ್ತದೆ. ಆ 8 ಕಿಲೋವಾಟ್ ಶಾಖವನ್ನು ಹೊರಹಾಕಲು ಶೈತ್ಯಯಂತ್ರಕ್ಕೆ ಅದರ ಮೂರನೆಯ ಒಂದು ಭಾಗದಷ್ಟು ವಿದ್ಯುತ್ ಬೇಕೆಂದರೆ ದಿನಕ್ಕೆ 63–64 ಯೂನಿಟ್. ಯೂನಿಟ್ಟಿಗೆ 8 ರೂಪಾಯಿಯಂತೆ ದಿನಕ್ಕೆ ಸುಮಾರು 500 ರೂಪಾಯಿ; ವರ್ಷದಲ್ಲಿ ಎಂಟು ತಿಂಗಳು ಮಾಲು ತುಂಬಿದ್ದರೆ ಸುಮಾರು 1 ಲಕ್ಷ 20 ಸಾವಿರ. ಇದು ಗರಿಷ್ಠ ಅಂದಾಜು. ಮಣ್ಣಿನ ತಡೆಯೂ ಸೇರಿದಾಗ ಉಳಿತಾಯ ಇದಕ್ಕಿಂತ ಕಡಿಮೆ. ಹೆಚ್ಚುವರಿಯಾಗಿ ಬೇಕಾದ 50 ಘನ ಮೀಟರ್ ಥರ್ಮೋಕೋಲಿನ ಬೆಲೆಯನ್ನು ಕೊಟೇಷನ್ನಿನಲ್ಲಿ ನೋಡಿ, ಎಷ್ಟು ವರ್ಷಗಳಲ್ಲಿ ಅದು ಮರಳಿ ಬರುವುದೆಂದು ಭಾಗಿಸಿ ನೋಡುವುದು ಕಷ್ಟದ ಕೆಲಸವಲ್ಲ. ನೆಲ ಹಾಕಿದ ಮೇಲೆ ಅದನ್ನು ಅಗೆದು ಸರಿಪಡಿಸುವುದು ಅಸಾಧ್ಯವಾದ್ದರಿಂದ ಈ ಭಾಗಾಕಾರ ಮೊದಲೇ ಆಗಬೇಕು.

ಶಾಖನಿರೋಧಕವನ್ನು ಕೊಳ್ಳುವಾಗ ದಪ್ಪವನ್ನಷ್ಟೇ ಕೇಳಿದರೆ ಸಾಲದು. ಐ.ಎಸ್. 4671ರಲ್ಲಿ ಥರ್ಮೋಕೋಲಿಗೆ ಘನ ಮೀಟರಿಗೆ 15, 20, 25, 30, 35 ಕಿಲೋಗ್ರಾಂ ಎಂಬ ಸಾಂದ್ರತೆಗಳಿವೆ. ಟಿವಿ ಪೆಟ್ಟಿಗೆಯೊಳಗೆ ಬರುವಂಥ ಹಗುರ ಮಾಲು ಗೋಡೆಗೇನೋ ಆದೀತು. ಮೂಟೆಗಳ ಅಟ್ಟಿಯನ್ನೂ ಸಾಮಾನು ಸಾಗಿಸುವ ಗಾಡಿಯನ್ನೂ ಹೊರಬೇಕಾದ ನೆಲದಡಿಗೆ ಮೇಲ್ದರ್ಜೆಯ ಸಾಂದ್ರತೆಯದೇ ಬೇಕು. ಕೊಟೇಷನ್ನಿನಲ್ಲಿ ಸಾಂದ್ರತೆ ಬರೆದಿರದಿದ್ದರೆ ಆ ದರಕ್ಕೆ ಅರ್ಥವಿಲ್ಲ. ಒಂದು ಹಾಳೆಯನ್ನು ತಕ್ಕಡಿಗೆ ಹಾಕಿ ಅಳತೆಯಿಂದ ಭಾಗಿಸಿದರೆ ಸತ್ಯ ಹೊರಬರುತ್ತದೆ. ತಕ್ಕಡಿ ಇಲ್ಲದ ಮಂಡಿ ಯಾವುದೂ ಇಲ್ಲ. ಎರಡನೆಯದು ತೇವ. ತೇವ ಬೆಚ್ಚಗಿನ ಕಡೆಯಿಂದ ತಂಪಿನ ಕಡೆಗೆ ಹರಿಯುವುದರಿಂದ ದಪ್ಪ ಪಾಲಿಥೀನ್ ಹಾಳೆ ಥರ್ಮೋಕೋಲಿನ ಕೆಳಗೆ, ಮಣ್ಣಿನ ಕಡೆಗೆ ಇರಬೇಕು. ಅದನ್ನು ಮೇಲೆ ಮಾತ್ರ ಹಾಸಿದರೆ ನೀರು ಕುಡಿದ ಥರ್ಮೋಕೋಲ್ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಮೂರನೆಯದಾಗಿ, ಪೆಟ್ರೋಲಿಯಂ ದ್ರಾವಕವಿರುವ ಡಾಂಬರಿನ ಪ್ರೈಮರು ತಗುಲಿದರೆ ಥರ್ಮೋಕೋಲ್ ಕಣ್ಣೆದುರೇ ಕರಗಿಹೋಗುತ್ತದೆ. ಸೊನ್ನೆಗಿಂತ ಕೆಳಗಿನ ಉಷ್ಣತೆಯ ಕೋಣೆಯಾದರೆ ಇಲ್ಲಿಯೂ ಸ್ವೀಡನ್ನಿನ ಸಮಸ್ಯೆಯೇ ಎದುರಾಗಿ ಕೆಳಗಿನ ಮಣ್ಣು ಹೆಪ್ಪುಗಟ್ಟಿ ನೆಲ ಉಬ್ಬಬಹುದು. ಅದಕ್ಕೆ ನೆಲದಡಿ ಗಾಳಿಯ ಕೊಳವೆ ಅಥವಾ ಹೀಟರಿನ ವ್ಯವಸ್ಥೆ ಬೇಕು. ಹುಣಿಸೆಯ ಶೀತಲಗೃಹಕ್ಕೆ ಬೇಡ.

ಥರ್ಮೋಕೋಲಿಗೆ ತಳಪಾಯದಲ್ಲಿ ಇನ್ನೊಂದು ನ್ಯಾಯವಾದ ಸ್ಥಾನವಿದೆ. ಎಣ್ಣೆ ಗಿರಣಿಯ ಎಕ್ಸ್‌ಪೆಲ್ಲರ್, ತೆಂಗಿನ ನಾರಿನ ಯಂತ್ರ, ಜನರೇಟರ್ ಮೊದಲಾದ ನಡುಗುವ ಯಂತ್ರಗಳ ತಳಪಾಯವನ್ನು ಕಟ್ಟಡದ ತಳಪಾಯಕ್ಕೆ ಅಂಟಿಸಿ ಕಟ್ಟಬಾರದು. ನಡುವೆ ಅಂತರವಿಟ್ಟು ಆ ಜಾಗಕ್ಕೆ ಥರ್ಮೋಕೋಲ್ ಹಾಳೆ ಇಟ್ಟು ಸುರಿದರೆ ಯಂತ್ರದ ನಡುಕ ಗೋಡೆಗೆ ಹರಡುವುದು ತಪ್ಪುತ್ತದೆ. ಬೋಲ್ಟಿನ ಗುಣಿಗಳಿಗೆ ಅಚ್ಚಾಗಿಯೂ ಅದು ಅನುಕೂಲ. ಕೆಲವು ಇಂಚುಗಳ ಈ ಹಾಳೆ ಗೋಡೆಯ ಬಿರುಕಿನ ದುರಸ್ತಿಯನ್ನು ಉಳಿಸಬಲ್ಲದು.

ಬಿಸಿಲು ಮತ್ತು ನೀರಿನ ಕುರಿತು ಎರಡು ಮಾತು. ಬಿಸಿಲಿನಲ್ಲಿ ಕಾದ ಕಬ್ಬಿಣದ ಶೀಟಿಗೆ ಕಾಂಕ್ರೀಟು ತಾಗಿದೊಡನೆ ಅಂಚಿನ ನೀರು ಆರಿ ಮೈ ಪುಡಿಯಾಗುತ್ತದೆ. ಸುರಿಯುವ ಮುನ್ನ ಶೀಟಿನ ಹೊರಮೈಗೆ ನೀರು ಹೊಡೆಯುವುದು, ಬೆಳಗಿನ ಅಥವಾ ಸಂಜೆಯ ಹೊತ್ತಿನಲ್ಲಿ ಸುರಿಯುವುದು ಅಗತ್ಯ. ಮರದ ಅಚ್ಚಿಗೆ ಈ ದೋಷ ಕಡಿಮೆ. ಕ್ಯೂರಿಂಗನ್ನು ಒಣ ಬಿಸಿಲಿನ ಹವೆಯಲ್ಲಿ ಕನಿಷ್ಠ 10 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ 14 ದಿನ ನಡೆಸಬೇಕೆಂದು ಸಂಹಿತೆಯ ಸಲಹೆ. ಅಚ್ಚನ್ನು ಮರುದಿನವೇ ಬಿಚ್ಚಿದ ಮೇಲೆ ಈ ಹೊಣೆ ಇನ್ನೂ ಹೆಚ್ಚುತ್ತದೆ. ಮಂಡಿಯಲ್ಲಿ ಬಿದ್ದಿರುವ ಹಳೆಯ ಗೋಣಿಚೀಲಗಳನ್ನು ನೆನೆಸಿ ಹೊದಿಸಿದರೆ ನೀರೂ ಉಳಿಯುತ್ತದೆ. ಪಾವಗಡದ ಕೊಳವೆಬಾವಿಗಳ ಫ್ಲೋರೈಡ್ ಜನರ ಹಲ್ಲಿಗೂ ಮೂಳೆಗೂ ಆಪತ್ತು ತಂದಿರುವುದು ಎಲ್ಲರಿಗೂ ತಿಳಿದದ್ದೇ. ಕಾಂಕ್ರೀಟಿಗೆ ಮುಖ್ಯವಾದವು ಕ್ಲೋರೈಡ್ ಮತ್ತು ಸಲ್ಫೇಟ್. ಕಂಬಿ ಇರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ, ಸಲ್ಫೇಟ್ 400 ಮಿಲಿಗ್ರಾಂ ಮೀರಕೂಡದು. ಉಪ್ಪುನೀರಿನ ಬಾವಿಯುಳ್ಳವರು ಒಮ್ಮೆ ಪರೀಕ್ಷೆ ಮಾಡಿಸುವುದು ಒಳಿತು.

ಬಿಲ್ಲಿನ ವಿಚಾರ

ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 17(5)ನೇ ಕಲಮಿನ ಪ್ರಕಾರ ಸ್ವಂತಕ್ಕೆ ಕಟ್ಟಿಸುವ ಕಟ್ಟಡದ ಸಾಮಗ್ರಿ ಹಾಗೂ ಗುತ್ತಿಗೆ ಕೆಲಸದ ಮೇಲಿನ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ದೊರೆಯುವುದಿಲ್ಲ. ಸೆಂಟ್ರಿಂಗ್ ಬಾಡಿಗೆಯೂ ಕಟ್ಟಡದ ವೆಚ್ಚಕ್ಕೆ ಸೇರಿದರೆ ಇದೇ ಗತಿ. ಆದರೆ ಅದೇ ಕಲಮಿನ ವಿವರಣೆಯಲ್ಲಿ 'ಸ್ಥಾವರ ಮತ್ತು ಯಂತ್ರೋಪಕರಣ' ಎಂಬುದರೊಳಗೆ ಯಂತ್ರವನ್ನು ನೆಲಕ್ಕೆ ಭದ್ರಪಡಿಸುವ ತಳಪಾಯ ಮತ್ತು ಆಧಾರಗಳೂ ಸೇರುತ್ತವೆಂದು ಸ್ಪಷ್ಟವಾಗಿ ಹೇಳಿದೆ. ಭೂಮಿ, ಕಟ್ಟಡ ಮತ್ತು ಇತರ ಸಿವಿಲ್ ರಚನೆಗಳು ಹೊರಗೆ. ಅಂದರೆ ಗಿರಣಿಯ ಗೋಡೆಯ ಪಾಯಕ್ಕೆ ಕ್ರೆಡಿಟ್ ಇಲ್ಲ, ಎಕ್ಸ್‌ಪೆಲ್ಲರಿನ ಪಾಯಕ್ಕೆ ಉಂಟು. ಎರಡನ್ನೂ ಒಂದೇ ಬಿಲ್ಲಿನಲ್ಲಿ 'ಪಾಯದ ಕೆಲಸ' ಎಂದು ಬರೆಸಿಕೊಂಡವನು ಈ ಭೇದವನ್ನು ಅಧಿಕಾರಿಗೆ ಹೇಗೆ ತೋರಿಸಬಲ್ಲ? ಯಂತ್ರದ ತಳಪಾಯಕ್ಕೆ 2 ಲಕ್ಷ ರೂಪಾಯಿಯ ಪ್ರತ್ಯೇಕ ಬಿಲ್ಲಿದ್ದರೆ ಶೇ. 18ರಂತೆ 36,000 ರೂಪಾಯಿ ಕ್ರೆಡಿಟ್ ಕೈಗೆ ಬರುತ್ತದೆ. ಆ ತೆರಿಗೆಯನ್ನು ಯಂತ್ರದ ಬೆಲೆಗೆ ಸೇರಿಸಿ ಸವಕಳಿಯನ್ನೂ ಪಡೆಯಹೊರಟರೆ ಕ್ರೆಡಿಟ್ ಹೋಗುತ್ತದೆ. ಎರಡೂ ಒಟ್ಟಿಗೆ ಇಲ್ಲ. ಆದಾಯ ತೆರಿಗೆಯಲ್ಲಿಯೂ ಯಂತ್ರಕ್ಕೆ ಸಾಮಾನ್ಯವಾಗಿ ಶೇ. 15, ವ್ಯಾಪಾರದ ಕಟ್ಟಡಕ್ಕೆ ಶೇ. 10 ಸವಕಳಿ ಇರುವುದರಿಂದ ಪ್ರತ್ಯೇಕ ಬಿಲ್ಲಿನ ಪ್ರಯೋಜನ ಅಲ್ಲಿಗೂ ಮುಂದುವರಿಯುತ್ತದೆ.

ಕಟ್ಟಡವನ್ನೂ ಸ್ಥಾವರವೆಂದು ವಾದಿಸಬಹುದೆಂಬ ಆಸೆಯೊಂದು 2024ರ ಅಕ್ಟೋಬರ್ 3ರ ಸಫಾರಿ ರಿಟ್ರೀಟ್ಸ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹುಟ್ಟಿತ್ತು. 2025ರ ಹಣಕಾಸು ಕಾಯ್ದೆ 2017ರ ಜುಲೈ 1ರಿಂದಲೇ ಅನ್ವಯವಾಗುವಂತೆ ಪದವನ್ನು ತಿದ್ದಿ ಆ ಬಾಗಿಲನ್ನು ಮುಚ್ಚಿದೆ. ಹಿಂದಿನ ದಿನಾಂಕದಿಂದ ಕಾನೂನು ತಿದ್ದುವ ಈ ಕ್ರಮ ಸಣ್ಣ ಉದ್ಯಮಿಗಳ ದೃಷ್ಟಿಯಿಂದ ನ್ಯಾಯವೆನಿಸದು. ಆದರೂ ಲೆಕ್ಕವನ್ನು ಇರುವ ಕಾನೂನಿನಂತೆಯೇ ಹಾಕಬೇಕಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿದಿರುವುದು, ಕ್ರೆಡಿಟ್ ಸಿಗದ ಕಟ್ಟಡ ಮಾಲೀಕರಿಗೆ ನೇರ ಉಳಿತಾಯವೇ. ಅದಕ್ಕೂ ಮುನ್ನ ಒಪ್ಪಿಕೊಂಡ ದರದಲ್ಲೇ ಗುತ್ತಿಗೆದಾರರು ಮುಂದುವರಿಯುತ್ತಿದ್ದರೆ ಅದನ್ನು ಮರುಚರ್ಚೆಗೆ ತರುವುದು ತಪ್ಪಲ್ಲ.

ಹುಣಿಸೆ ವರ್ತಕರು ಒಂದು ಎಚ್ಚರ ವಹಿಸಬೇಕು. ಒಣ ಹುಣಿಸೆಹಣ್ಣು 2019ರ ಅಕ್ಟೋಬರ್ 1ರಿಂದ ತೆರಿಗೆಮುಕ್ತ. ತೆರಿಗೆಮುಕ್ತ ಸರಕಿನಲ್ಲಿ ಮಾತ್ರ ವ್ಯವಹರಿಸುವವರಿಗೆ ಯಂತ್ರದ ತಳಪಾಯದ ಮೇಲೂ ಕ್ರೆಡಿಟ್ ಇಲ್ಲ. ಅವರು ತೆರಿಗೆಯನ್ನು ವೆಚ್ಚವೆಂದೇ ಹಿಡಿದು ಶೀತಲಗೃಹದ ಲೆಕ್ಕ ಹಾಕಬೇಕು. ಪಾವಗಡ, ಮಧುಗಿರಿಯ ಗಡಿ ಊರುಗಳವರು ಹಿಂದೂಪುರದಿಂದ ಸೆಂಟ್ರಿಂಗ್ ಸಾಮಗ್ರಿ ಬಾಡಿಗೆಗೆ ತರುವಾಗ, ಆಂಧ್ರದ ಅಂಗಡಿಯವನು ತನ್ನ ರಾಜ್ಯದ ತೆರಿಗೆ ಹಾಕಿ ಬಿಲ್ಲು ಕೊಟ್ಟರೆ ಅದು ಕರ್ನಾಟಕದಲ್ಲಿ ಕ್ರೆಡಿಟ್ಟಿಗೆ ಬಾರದು. ಅಂತರರಾಜ್ಯ ತೆರಿಗೆಯ ಬಿಲ್ಲೇ ಬೇಕು. ಸಾಮಗ್ರಿಯ ಮೌಲ್ಯ 50,000 ರೂಪಾಯಿ ಮೀರಿದ್ದರೆ ಮಾರಾಟವಲ್ಲದಿದ್ದರೂ ಇ-ವೇ ಬಿಲ್ಲು ಬೇಕೆಂಬುದನ್ನು ಲಾರಿ ತಡೆದು ನಿಲ್ಲಿಸಿದ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿದಿರುವುದು ವಾಸಿ.

ಸ್ವಂತ ಸೆಂಟ್ರಿಂಗ್ ಶೀಟು ಕೊಂಡು ಆ ವರ್ಷವೇ ಪೂರ್ತಿ ಖರ್ಚು ಬರೆಯಬಹುದೆಂಬ ಹಳೆಯ ನಂಬಿಕೆ ಇನ್ನೂ ಕೆಲವರಲ್ಲಿದೆ. 5,000 ರೂಪಾಯಿ ಮೀರದ ಒಂದೊಂದು ಉಪಕರಣಕ್ಕೂ ಪೂರ್ಣ ಸವಕಳಿ ನೀಡುತ್ತಿದ್ದ ಆ ಅವಕಾಶ 1996ರ ಏಪ್ರಿಲ್ 1ರಿಂದಲೇ ರದ್ದಾಗಿದೆ. ಒಂದೇ ಕಟ್ಟಡಕ್ಕಾಗಿ ಶೀಟು ಕೊಂಡು, ಆಮೇಲೆ ಹಿತ್ತಿಲಲ್ಲಿ ತುಕ್ಕು ಹಿಡಿಸುವವರಿಗೆ ತೆರಿಗೆಯ ಸಮಾಧಾನವೂ ಇಲ್ಲ.

ಇಲ್ಲಿಯೇ ವಾಣಿಜ್ಯ ಸಂಸ್ಥೆಗಳ ಪಾತ್ರ ಬರುತ್ತದೆ. ನಾಲ್ಕು ತಾಲ್ಲೂಕುಗಳಲ್ಲಿ ವರ್ಷವಿಡೀ ಎಲ್ಲಾದರೊಂದು ಕಡೆ ಗೋದಾಮಿನ ಪಾಯ ನಡೆಯುತ್ತಲೇ ಇರುತ್ತದೆ. ಪ್ರತಿಯೊಬ್ಬರೂ ತುಮಕೂರಿನಿಂದಲೋ ಹಿಂದೂಪುರದಿಂದಲೋ ಸಾಮಗ್ರಿ ತರಿಸಿ ಸಾಗಣೆ ಖರ್ಚು ತೆರುತ್ತಿದ್ದಾರೆ. ಫುಟಿಂಗಿಗೂ ಪ್ಲಿಂತ್ ಬೀಮಿಗೂ ಹೊಂದುವಂತೆ ಒಂದೇ ಅಳತೆಯ ಕಬ್ಬಿಣದ ಶೀಟುಗಳನ್ನು ಶಿರಾ ಅಥವಾ ಮಧುಗಿರಿಯ ವೆಲ್ಡಿಂಗ್ ಘಟಕಗಳಲ್ಲೇ ಮಾಡಿಸಿ, ಬಳಕೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ವ್ಯವಸ್ಥೆಗೆ ಸದಸ್ಯರು ಬಂಡವಾಳ ಹಾಕಬಹುದು. ಶೀಟಿನ ಬೆಲೆ ಚದರಡಿಗೆ 150 ರೂಪಾಯಿ ಎಂದು ಹಿಡಿದರೂ, 10 ರೂಪಾಯಿ ಬಾಡಿಗೆಯಲ್ಲಿ ಹದಿನೈದು ಬಳಕೆಗೆ ಅಸಲು ಮರಳುತ್ತದೆ. ರಿಪೇರಿ, ಕಾವಲು, ಸಾಗಣೆ ಕಳೆದು ಇಪ್ಪತ್ತೈದು ಎಂದಿಟ್ಟುಕೊಂಡರೂ ಶೀಟಿನ ಆಯುಷ್ಯದ ಅರ್ಧ ಇನ್ನೂ ಬಾಕಿ ಇರುತ್ತದೆ. ಬಾಡಿಗೆ ಕೊಡುವುದೇ ವ್ಯವಹಾರವಾದ್ದರಿಂದ ಅಂಥ ಘಟಕಕ್ಕೆ ಶೀಟಿನ ಮೇಲಿನ ತೆರಿಗೆಯ ಕ್ರೆಡಿಟ್ಟೂ ದೊರೆಯುತ್ತದೆ. ಸಹಕಾರ ಪದ್ಧತಿಯಲ್ಲಿ ಇದು ನಡೆಯಲಾರದೆಂಬ ಆಕ್ಷೇಪ ಬರಬಹುದು, ಯಾರದೂ ಅಲ್ಲದ ಸಾಮಗ್ರಿ ಬೇಗ ಸೊಟ್ಟಗಾಗುತ್ತದೆ ಎಂಬ ಮಾತಿನಲ್ಲಿ ಹುರುಳೂ ಇದೆ. ಠೇವಣಿ ಇಟ್ಟುಕೊಂಡು, ಶೀಟಿಗೊಂದು ಸಂಖ್ಯೆ ಹೊಡೆದು, ಹಿಂದಿರುಗಿಸುವಾಗ ಎಣಿಸಿ ಪಡೆಯುವ ಖಾಸಗಿ ಅಂಗಡಿಯ ಶಿಸ್ತನ್ನೇ ಅಲ್ಲಿಯೂ ಪಾಲಿಸಬೇಕಾಗುತ್ತದೆ.

ಬರುವ ಹುಣಿಸೆ ಹಂಗಾಮಿಗೆ ಶೀತಲಗೃಹ ಸಿದ್ಧವಾಗಬೇಕೆನ್ನುವವರು ಪಾಯದ ಕೆಲಸವನ್ನು ಜೂನ್, ಜುಲೈನಲ್ಲೇ ಕೈಗೆತ್ತಿಕೊಳ್ಳಬೇಕು. ಈ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮಳೆಯೇ ಜೋರು; ತೋಡಿದ ಗುಣಿಗಳಲ್ಲಿ ನೀರು ನಿಂತರೆ ಬಾಡಿಗೆಯ ಶೀಟು ದಿನಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ, ಒದ್ದೆ ನೆಲದ ಮೇಲೆ ಥರ್ಮೋಕೋಲ್ ಹಾಸುವಂತೆಯೂ ಇಲ್ಲ. ಕೊಟೇಷನ್ ತರಿಸುವಾಗ ಕಟ್ಟಡದ ತಳಪಾಯ, ಯಂತ್ರದ ತಳಪಾಯ, ಸೆಂಟ್ರಿಂಗ್ ಬಾಡಿಗೆ, ಶಾಖನಿರೋಧಕ ಈ ನಾಲ್ಕನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ಕೊಡುವಂತೆ ಕೇಳಬೇಕು. ಬರೆದು ಕೊಡಲು ಒಪ್ಪದ ಗುತ್ತಿಗೆದಾರರ ದರ ಎಷ್ಟೇ ಕಡಿಮೆ ಇದ್ದರೂ ಅದನ್ನು ಇತರರ ದರದೊಡನೆ ಹೋಲಿಸಲು ಬರುವುದಿಲ್ಲ.